ಕಾದಂಬರಿ: ಮೊದಲೇ ಪ್ಲಾನ್ ಮಾಡಬೇಕಾ, ಸುಮ್ನೆ ಬರೀತಾ ಹೋಗಬೇಕಾ?

ಕಡಲೆಪುರಿ: ನನ್ನ ಕಾದಂಬರಿ ಆರನೇ ಅಧ್ಯಾಯದಲ್ಲಿ ನಿಂತಿದೆ. ಅತ್ತೆ ಪಾತ್ರ ಸುಮ್ನೆ ಬಂದು ಹೋಗಬೇಕಿತ್ತು, ಈಗ ಕಥೆಯನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತಿದ್ದಾಳೆ. ಹಿಂದೆ ಹೋಗಿ ತಿದ್ದಲಾ, ಮುಂದೆ ಬರೀಲಾ?

ಹಳೇಸ್ಕೂಟರ್: ಮುಂದೆ ಬರೀರಿ. ಕೊನೆ ಗೊತ್ತಾಗದೆ ಮೊದಲ ಅಧ್ಯಾಯ ತಿದ್ದಿದರೆ ಅದನ್ನು ಮತ್ತೆ ತಿದ್ದಬೇಕಾಗುತ್ತದೆ. ಸದ್ಯಕ್ಕೆ ಅಂಚಿನಲ್ಲಿ ಒಂದು ಗುರುತು ಹಾಕಿಕೊಳ್ಳಿ, ಸಾಕು.

ಮಳೆಗಾಲ: ನಾನು ಒಪ್ಪಲ್ಲ. 1979ರಲ್ಲಿ ಬಂದ ‘ಪರ್ವ’ಕ್ಕಾಗಿ ಭೈರಪ್ಪನವರು ಎಷ್ಟು ಓದಿದರು, ಹಿಮಾಲಯ, ಕುರುಕ್ಷೇತ್ರ ಅಂತ ಎಷ್ಟು ಸುತ್ತಿದರು! ತಯಾರಿ ಬೇಕು ಸ್ವಾಮಿ.

ಹಳೇಸ್ಕೂಟರ್: ಅದು ಮಹಾಭಾರತ ಮಾರಾಯ್ರೆ, ಇವರದ್ದು ಬರೀ ಅತ್ತೆ!

ಸಾಲುಮರ: ಮುಗಿದ ಮೇಲೆ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಜೋರಾಗಿ ಓದಿ, ಯಾವ ಮಾತು ನಾಟಕದ ಡೈಲಾಗ್ ಥರ ಇದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ. ಆಗಲೂ ಅತ್ತೆಯೇ ಜಾಸ್ತಿ ಜೀವಂತ ಅನಿಸಿದರೆ ಎರಡನೇ ಕರಡಿನಲ್ಲಿ ಅವಳನ್ನು ಮೊದಲ ಪುಟಕ್ಕೇ ತನ್ನಿ.