ಅಪ್‌ಡೇಟ್: ನೀರು ಕಾಯಿಸಲು ಕೊನೆಗೂ ಕೆಟಲ್ ಬಂತು

ಕುಡಿಯುವ ನೀರು ಕಾಯಿಸಲು ಎಲೆಕ್ಟ್ರಿಕ್ ಕೆಟಲ್ ಒಳ್ಳೆಯದೋ, ಇಂಡಕ್ಷನ್ ಒಲೆಯೋ ಅಂತ ಕೇಳಿದ್ದೆ ಅಲ್ವಾ? 1500 ವ್ಯಾಟಿನ ಕೆಟಲ್ ತೆಗೆದುಕೊಂಡೆ. ಒಳಗೆ ಪೂರ್ತಿ ಸ್ಟೀಲ್ ಇರಲಿ, ಕಾಯಿಲ್ ಕಾಣಬಾರದು ಅಂದವರ ಮಾತು ತುಂಬಾ ಉಪಯೋಗಕ್ಕೆ ಬಂತು. ತೊಳೆಯುವುದು ಸುಲಭ, ಪ್ಲಾಸ್ಟಿಕ್ ವಾಸನೆಯೂ ಇಲ್ಲ. ಒಂದು ಲೀಟರ್ ನೀರು ಸುಮಾರು ನಾಲ್ಕು ನಿಮಿಷಕ್ಕೆ ಕುದಿಯುತ್ತದೆ. ಇಂಡಕ್ಷನ್ ಸಲಹೆ ನಮಗೆ ಹೊಂದಲಿಲ್ಲ, ಅದರ ಮೇಲೆ ಯಾವಾಗಲೂ ಅಡುಗೆ ಪಾತ್ರೆ ಇರುತ್ತದೆ.

ಆಶ್ಚರ್ಯ ಅನಿಸಿದ್ದು: ಮುಚ್ಚಳ ತೆರೆದಿಟ್ಟರೆ ಕೆಟಲ್ ತಾನಾಗಿ ಆಫ್ ಆಗುವುದಿಲ್ಲ, ಸುಮ್ನೆ ಕುದಿಯುತ್ತಲೇ ಇರುತ್ತದೆ! ಆವಿ ಸಣ್ಣ ದಾರಿಯಲ್ಲಿ ಹೋಗಿ ಸ್ವಿಚ್ಚಿನ ಲೋಹದ ಪಟ್ಟಿಗೆ ತಾಗಬೇಕು. ಬಿಸಿಗೆ ಅದು ಬಾಗಿದಾಗಲೇ ಕರೆಂಟ್ ನಿಲ್ಲುವುದು. ತಳದಲ್ಲಿ ಬಿಳಿ ಪದರ ಕಟ್ಟಿದರೆ ನಿಂಬೆರಸ ಹಾಕಿದ ನೀರು ಕುದಿಸಿ, ಸ್ವಲ್ಪ ಹೊತ್ತು ಬಿಡಿ. ಜಾಸ್ತಿ ಉಜ್ಜಬೇಕಿಲ್ಲ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.