ದೊಡ್ಡಪ್ಪನ ಗಾಡಿ ಬೇರೆ ಬೇರೆ ಮಾಡಿ ಮಾರೋ ವಿಷಯಕ್ಕೆ

ತಂಗೀ, ನಿನ್ನ ಮೆಸೇಜು ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯೋದಿಲ್ಲ ಅಂತ ಮಾತಾಡೇ ಕಳಿಸ್ತಾ ಇದ್ದೇನೆ. ಉದ್ದ ಆಗ್ತದೆ, ಆದ್ರೂ ಎಲ್ಲರೂ ಪೂರ್ತಿ ಕೇಳಿ. ನೀನು ಕೇಳಿದ್ದು ಇಷ್ಟು: ಗೋಕರ್ಣದ ಒಬ್ಬರು ದೊಡ್ಡಪ್ಪನ ಗಾಡಿ ಮೇಲಿನ ಮರದ ಮನೆ ಮಾತ್ರ ಕೇಳ್ತಾ ಇದ್ದಾರೆ, ಕಾಫಿ ಕೌಂಟರ್ ಮಾಡ್ಲಿಕ್ಕೆ. ಕೆಳಗಿನ ಟ್ರಕ್ಕಿಗೆ ಹುಬ್ಬಳ್ಳಿ ಕಡೆ ಬೇರೆ ಗಿರಾಕಿ ಉಂಟು, ಅವರು ಡೀಸೆಲ್ ಎಂಜಿನ್ ಕೂರಿಸಿ ಓಡಿಸ್ತಾರಂತೆ. ಎರಡೂ ಕೊಟ್ರೆ ದೊಡ್ಡಮ್ಮನ ಕೈಗೆ ನಾಲ್ಕು ಕಾಸು ಬರ್ತದೆ, ಮಳೆಗೆ ಮುಂಚೆ ಅಂಗಳವೂ ಖಾಲಿ ಆಗ್ತದೆ, ಏನು ಮಾಡೋಣ ಅಂತ.

ನನ್ನ ಮಾತು ಕೇಳಿದ್ರೆ ಹಾಗೆ ಮಾಡ್ಬೇಡಿ. ಮಾರೋದೇ ಬೇಡ ಅಂತ ನಾನು ಹೇಳ್ತಾ ಇಲ್ಲ, ದೊಡ್ಡಮ್ಮನಿಗೆ ದುಡ್ಡಿನ ಅಗತ್ಯ ಇದ್ರೆ ಅದೇ ಮೊದಲು. ಆದ್ರೆ ಟ್ರಕ್ಕು, ಮನೆ, ಕಾಗದಪತ್ರ ಮೂರೂ ಒಬ್ಬರ ಕೈಗೇ ಹೋಗ್ಬೇಕು. ಹಳೇ ಮಿಲಿಟರಿ ಟ್ರಕ್ಕು ಹುಡುಕಿದ್ರೆ ಬೇರೆ ಸಿಗ್ತದೆ. ಮರದ ಕೌಂಟರ್ ಯಾವ ಆಚಾರಿ ಬೇಕಾದ್ರೂ ಮಾಡಿ ಕೊಡ್ತಾರೆ. ಇವೆರಡು ಒಂದಕ್ಕೊಂದು ಅಳತೆ ಹಿಡಿದು ಕೂತದ್ದು ಮಾತ್ರ ಇನ್ನೊಂದು ನಾನು ನೋಡಿಲ್ಲ.

ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ಇದು ಎಂತದು ಅಂತ ಗೊತ್ತಿರ್ಲಿಕ್ಕಿಲ್ಲ. ಕೆಳಗಿರೋದು ನಿಸ್ಸಾನ್ ಒನ್ ಟನ್. ಜಪಾನಿನ ಲೈಸೆನ್ಸ್ ತಗೊಂಡು ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ಸೈನ್ಯಕ್ಕೆ ಅಂತ ಮಾಡ್ತಿದ್ದ ಗಾಡಿ, ಅದೇ ಸೈನ್ಯದ ಜೋಂಗಾ ಅನ್ನೋ ಜೀಪಿನ ದಾಯಾದಿ. ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಎಂಜಿನ್. ದೊಡ್ಡಪ್ಪ ಮಿಲಿಟರಿ ಹರಾಜಲ್ಲಿ ಹಿಡಿದು, 1983ರಲ್ಲಿ ಖಾಸಗಿ ಗಾಡಿ ಅಂತ ನೋಂದಣಿ ಮಾಡಿಸಿದ್ರು. ಪಿಕಪ್ಪಿನ ತೊಟ್ಟಿಯೊಳಗೆ ಮನೆ ಕೂರಿಸಿ, ಬೇಡದಾಗ ಇಳಿಸಿಡೋ ಪದ್ಧತಿ ಅಮೆರಿಕದಲ್ಲಿ ಐವತ್ತು-ಅರವತ್ತರ ದಶಕದಲ್ಲೇ ಇತ್ತು, ಅಲ್ಲಿ ಇದಕ್ಕೆ ಟ್ರಕ್ ಕ್ಯಾಂಪರ್ ಅಂತಾರೆ. ಅಲಾಸ್ಕನ್ ಅನ್ನೋ ಕಂಪನಿಯದ್ದಂತೂ ಹೈಡ್ರಾಲಿಕ್ ಪಂಪ್ ಒತ್ತಿದ್ರೆ ಮೇಲರ್ಧ ಎದ್ದು ನಿಲ್ತಿತ್ತು. ನಮ್ಮಲ್ಲಿ ಅಂಥದ್ದನ್ನ ಕಂಡವರೇ ಇರ್ಲಿಲ್ಲ. ದೊಡ್ಡಪ್ಪ ತದಡಿಯಲ್ಲಿ ದೋಣಿ ಕಟ್ಟೋ ಆಚಾರಿ ಹತ್ರ ಮಾಡಿಸಿದ್ರು.

ಆ ಕೆಲಸ ಒಮ್ಮೆ ಹತ್ತಿರ ಹೋಗಿ ನೋಡಿ. ಚೌಕಟ್ಟು ಸಾಗವಾನಿ, ಮಾಡಿನ ಹಲಗೆ ಹೆಬ್ಬಲಸು, ಅದರ ಮೇಲೆ ಅಲ್ಯೂಮಿನಿಯಂ ತಗಡು. ಒಳಗೆ ಮಂಚದ ಪಕ್ಕದ ಮೂಲೆಯಲ್ಲಿ ಕೈ ಆಡಿಸಿದ್ರೆ ಎರಡು ಹಲಗೆ ಸೇರಿದ ಕಡೆ ಸಂದೇ ಸಿಗೋದಿಲ್ಲ. ದೋಣಿಗೆ ತುಂಬಿದ ಹಾಗೇ ಹತ್ತಿ ಮತ್ತು ರಾಳ ತುಂಬಿದ್ದಾರೆ. ತಳದ ಹಲಗೆ ಕಪ್ಪಗೆ ಕಾಣೋದು ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿದ್ದಕ್ಕೆ, ಅದಕ್ಕೇ ಇಷ್ಟು ವರ್ಷ ಒರಲೆ ಹತ್ರ ಸುಳಿದಿಲ್ಲ. ಇನ್ನೊಂದು ವಿಷಯ ಯಾರೂ ಗಮನಿಸಿಲ್ಲ ಅಂತ ಕಾಣ್ತದೆ: ಈ ಮನೆ ಕೂರಿಸ್ಲಿಕ್ಕೆ ಟ್ರಕ್ಕಿಗೆ ಒಂದೇ ಒಂದು ತೂತು ಹೊಡೆದಿಲ್ಲ. ತೊಟ್ಟಿಗೆ ಮೊದಲೇ ಇದ್ದ ಹಗ್ಗದ ಕೊಕ್ಕೆಗಳಿಗೆ ನಾಲ್ಕೂ ಕಡೆ ಸರಪಳಿ, ತಿರುಪು ಹಾಕಿ ಬಿಗಿದದ್ದು ಅಷ್ಟೇ. ಶಿರಸಿ ಮಾರಿಕಾಂಬಾ ಜಾತ್ರೆಗೆ ಹೋದಾಗ ಈ ಮನೆಯಲ್ಲೇ ಮಲಗ್ತಿದ್ರು, ವಾಪಸ್ ಬಂದು ಇಳಿಸಿಟ್ಟು ಅದೇ ಟ್ರಕ್ಕಲ್ಲಿ ಗೊಬ್ಬರ ಹೊರ್ತಿದ್ರು. ಅಂದ್ರೆ ಮನೆ ಎತ್ತಿದ್ರೆ ಕೆಳಗೆ ಜಬಲ್ಪುರದಿಂದ ಬಂದ ಹಾಗೇ ಇರೋ ಟ್ರಕ್ಕು ಇದೆ.

ಅದರ ಬೆಲೆ ಈಗ ಗೊತ್ತಾಗೋದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರ್ಬೇಕು, ವಾಣಿಜ್ಯ ಬಳಕೆಯದ್ದಾಗಿರ್ಬಾರ್ದು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರ್ಬೇಕು. ಹೊಸದಾಗಿ ಆ ನೋಂದಣಿ ಮಾಡಿಸ್ಲಿಕ್ಕೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಕ್ಕೆ ಮಾನ್ಯ. ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ್‍ಯಾಲಿ, ರಿಪೇರಿ ಅಂಥದ್ದಕ್ಕೆ ಮಾತ್ರ. ನಮ್ಮದು 50 ಮುಟ್ಟೋದು 2033ಕ್ಕೆ. ಈಗ ಡೀಸೆಲ್ ಎಂಜಿನ್ ಕೂರಿಸಿದ್ರೆ ಆ ಬಾಗಿಲು ಮುಚ್ಚಿದ ಹಾಗೇ. ಮೈಲೇಜ್ ಇಲ್ಲ ಅಂತ ಎಷ್ಟೋ ಜೋಂಗಾಗಳಿಗೆ ಡೀಸೆಲ್ ಎಂಜಿನ್ ಕೂರಿಸಿ ಆಯ್ತು, ಹಾಗಾಗಿ ಮೂಲ ಎಂಜಿನ್ ಇರೋದೇ ಈಗ ಅಪರೂಪ.

ಹುಬ್ಬಳ್ಳಿ ಅಣ್ಣ ಕೇಳಿದ್ದ, ಇಟ್ಕೊಂಡ್ರೆ ಕೊಳೆತು ಹೋಗ್ತದಲ್ಲ, ಆಮೇಲೆ ಯಾರಿಗೂ ಬೇಡ ಅಂತ. ಅಣ್ಣಾ, ನೀನು ಹೇಳೋದರಲ್ಲಿ ಅರ್ಥ ಉಂಟು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ, ಮೇಲಿಂದ ಉಪ್ಪುಗಾಳಿ. ಅಮೆರಿಕದ ಹಳೇ ಕ್ಯಾಂಪರ್‌ಗಳು ಹಾಳಾಗೋದೂ ಹೆಚ್ಚಾಗಿ ಎಂಜಿನ್ನಿಂದಲ್ಲ, ಮಾಡು ಸೋರಿ. ಹೊರಗಿನ ತಗಡು ಚಂದ ಹೊಳೀತಾ ಇರ್ತದೆ, ಒಳಗಿನ ಮರ ಮೆತ್ತಗಾಗಿರ್ತದೆ. ಹಾಗಾಗಿ ಪೇಂಟು, ಕುಶನ್ನು, ಲೈಟು ಇದೆಲ್ಲ ಈಗ ಯಾರೂ ತೆಗೀಬೇಡಿ. ಮೊದಲು ನೀರು ನಿಲ್ಲಿಸ್ಬೇಕು.

ಗೋಣಿ ಹೊಲಿಯೋ ದಬ್ಬಳ ತಗೊಂಡು ಒಳಗಿನ ಮೂಲೆ ಮೂಲೆ ಮೆಲ್ಲಗೆ ಚುಚ್ಚಿ ನೋಡ್ಬೇಕು. ಗಟ್ಟಿ ಮರ ತಡೀತದೆ, ಕೊಳೆತದ್ದು ಸುಮ್ಮನೆ ಒಳಗೆ ಬಿಡ್ತದೆ. ಕಿಟಕಿಯ ಕೆಳಗೆ, ಮಾಡಿನ ಗಾಳಿಗೂಡಿನ ಸುತ್ತ ಹೆಚ್ಚು ನೋಡಿ. ನಾನು ಕಳೆದ ಸಲ ಬಂದಾಗ ಹಿಂದಿನ ಬಾಗಿಲ ಮೇಲೆ, ತಗಡಿಗೆ ಹೊಡೆದ ಕಬ್ಬಿಣದ ಸ್ಕ್ರೂಗಳ ಸುತ್ತ ಬಿಳೀ ಹುಡಿ ಎದ್ದದ್ದು ಕಂಡೆ. ಅಲ್ಯೂಮಿನಿಯಂ, ಕಬ್ಬಿಣ, ಉಪ್ಪುನೀರು ಮೂರು ಸೇರಿದ್ರೆ ಅಲ್ಯೂಮಿನಿಯಂ ಕರಗ್ತಾ ಹೋಗ್ತದೆ, ತೂತು ದೊಡ್ಡದಾಗ್ತದೆ, ನೀರಿಗೆ ದಾರಿ ಆಗ್ತದೆ. ಅವನ್ನ ಒಂದೊಂದಾಗಿ ತೆಗೆದು ಸ್ಟೇನ್‌ಲೆಸ್ ಹಾಕ್ಬೇಕು, ಆದ್ರೆ ಹಾಗೇ ಬಿಗಿಯೋದಲ್ಲ, ಕೆಳಗೆ ಬ್ಯುಟೈಲ್ ಟೇಪ್, ಅಂದ್ರೆ ನೀರು ತಡೆಯೋ ಮೆತ್ತನೆ ಅಂಟುಪಟ್ಟಿ, ಇಟ್ಟು. ದಯವಿಟ್ಟು ಯಾರೂ ಸಿಲಿಕೋನ್ ಟ್ಯೂಬ್ ತಂದು ಮೆತ್ತಬೇಡಿ. ಒಮ್ಮೆ ಸಿಲಿಕೋನ್ ಬಿದ್ದ ಜಾಗಕ್ಕೆ ಆಮೇಲೆ ಬೇರೆ ಯಾವುದೂ ಹಿಡಿಯೋದಿಲ್ಲ.

ತಾಡಪತ್ರಿ ಬಿಗಿದು ಕಟ್ಟೋದೂ ಬೇಡ. ಒಳಗೆ ಬೆವರಿ ಬೂಸಲು ಹಿಡೀತದೆ. ಎತ್ತರದ ಚಪ್ಪರ ಹಾಕಿ ಮೇಲೆ ಶೀಟು, ಪಶ್ಚಿಮಕ್ಕೆ ಮಾತ್ರ ಮಡಲಿನ ತಟ್ಟಿ, ಉಳಿದ ಕಡೆ ಗಾಳಿ ಆಡ್ಲಿಕ್ಕೆ ಬಿಡಿ. ಮನೆಯನ್ನ ಟ್ರಕ್ಕಿಂದ ಇಳಿಸಿಯೇ ಇಡ್ಬೇಕು, ಇಲ್ದಿದ್ರೆ ಎರಡರ ನಡುವೆ ನೀರು ನಿಂತು ತೊಟ್ಟಿಯೂ ತುಕ್ಕು ಹಿಡೀತದೆ, ಟ್ರಕ್ಕಿನ ಸ್ಪ್ರಿಂಗ್ ಪ್ಲೇಟುಗಳೂ ಸುಮ್ಮನೆ ಭಾರ ಹೊತ್ಕೊಂಡು ಕೂರ್ತವೆ. ಇಳಿಸಿದ ಮೇಲೆ ನಾಲ್ಕು ಜ್ಯಾಕಿನ ಮೇಲೇ ತಿಂಗಳುಗಟ್ಟಲೆ ಬಿಡ್ಬೇಡಿ, ಮೂಲೆಗಳು ಸಡಿಲ ಆಗ್ತವೆ. ಉದ್ದಕ್ಕೆ ದಪ್ಪ ದಿಮ್ಮಿ ಕೊಟ್ಟು ತಳ ಪೂರ್ತಿ ಕೂರೋ ಹಾಗೆ ಮಾಡ್ಬೇಕು. ಟಾಕಿಯ ಪೆಟ್ರೋಲ್ ಖಾಲಿ ಮಾಡಿ. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು, ಅದು ನೀರು ಎಳ್ಕೊಳ್ತದೆ, ಆ ಕಾಲದ ರಬ್ಬರ್ ಪೈಪಿಗೂ ಒಳ್ಳೇದಲ್ಲ.

ಕಾಗದದ ವಿಷಯ ಬೇಗ ಹೇಳಿ ಬಿಡ್ತೇನೆ. ಆರ್‌ಸಿ ಇನ್ನೂ ದೊಡ್ಡಪ್ಪನ ಹೆಸರಲ್ಲೇ ಉಂಟು. ತೀರಿಹೋದವರ ಗಾಡಿ ವಾರಸುದಾರರ ಹೆಸರಿಗೆ ಮಾಡ್ಲಿಕ್ಕೆ ಫಾರಂ 31. ಮೂರು ತಿಂಗಳೊಳಗೆ ಕೊಡ್ಬೇಕಿತ್ತು, ಈಗ ತಡದ ದಂಡ ಬೀಳಬಹುದು, ಬೀಳ್ಲಿ. ದೊಡ್ಡಮ್ಮನ ಹೆಸರಿಗೆ ಆಗದೆ ಯಾರಿಗೆ ಮಾರಿದ್ರೂ ತಕರಾರೇ. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್ ತೆಗೆದಿಡಿ, ಹರಾಜಿನ ರಸೀದಿ ಕಪಾಟಿನ ಮೇಲಿನ ಟ್ರಂಕಲ್ಲಿರ್ಬೇಕು. ಅದನ್ನ ಪ್ಲಾಸ್ಟಿಕ್ಕಲ್ಲಿ ಹಾಕಿ ಫೋಟೋ ತೆಗೆದು ಇಲ್ಲಿ ಹಾಕು, ತಂಗೀ.

ಗೋಕರ್ಣದವರಿಗೆ ಸದ್ಯಕ್ಕೆ ಇಲ್ಲ ಅಂತ ಹೇಳಿ, ಮರ್ಯಾದೆಯಿಂದಲೇ ಹೇಳಿ. ಬ್ಯುಟೈಲ್ ಟೇಪು, ಸ್ಕ್ರೂ, ಶೀಟಿನ ಖರ್ಚು ನಾನು ಹಾಕ್ತೇನೆ, ದೊಡ್ಡಮ್ಮನ ಹತ್ರ ಒಂದು ರೂಪಾಯಿ ಕೇಳ್ಬೇಡಿ. ಮುಂದಿನ ಭಾನುವಾರ ಬೆಳಿಗ್ಗೆ ಕುಮಟೆಗೆ ಬರ್ತೇನೆ. ಮನೆ ಇಳಿಸೋವಾಗ ನಾಲ್ಕು ಜ್ಯಾಕಿಗೆ ನಾಲ್ಕು ಜನ, ಟ್ರಕ್ಕು ಮುಂದೆ ತೆಗೀಲಿಕ್ಕೆ ಒಬ್ಬರು, ಎರಡೂ ಬದಿ ನೋಡ್ಲಿಕ್ಕೆ ಒಬ್ಬೊಬ್ಬರು ಬೇಕು. ಭಾವ, ಡ್ರೈವಿಂಗ್ ನಿಮ್ಮದೇ, ಆ ಗೇರು ನಿಮಗೊಬ್ಬರಿಗೇ ಕೇಳೋದು. ಉಳಿದವರು ಯಾರ್‍ಯಾರು ಬರ್ತೀರಿ ಅಂತ ಇವತ್ತು ರಾತ್ರಿಯೊಳಗೆ ಹೇಳಿ, ದಿಮ್ಮಿ ಮತ್ತು ಚಪ್ಪರದ ಕಂಬಕ್ಕೆ ನಾಳೆನೇ ಹೇಳಿಡ್ಬೇಕು.