ಶಿರಸಿಯಿಂದ ತಂದ ರಾಮಪತ್ರೆ ಒಣಗಿತು, ಹಲಸು ಜಗ್ಗಲಿಲ್ಲ. ಯಾಕೆ?

ವಿದ್ಯಾರಣ್ಯಪುರದಾಕೆ:
2021ರ ಮಳೆಗಾಲದಲ್ಲಿ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಹಲಸು, ಸಂಪಿಗೆ, ಜಾಯಿಕಾಯಿ ಬಳಗದ ರಾಮಪತ್ರೆ ಹಾಕಿದ್ದೆ. ಮೂರೂ ಶಿರಸಿಯ ತವರುಮನೆ ಹಿಂದಿನ ಕಾನಿನವು (ಹಸಿರು ಕಾಡಿಗೆ ನಮ್ಮಲ್ಲಿ ಕಾನು ಅಂತಾರೆ). 2024ರ ಏಪ್ರಿಲ್‌ನಲ್ಲಿ ಮಳೆಯಿಲ್ಲ, ಬೋರ್‌ವೆಲ್ಲೂ ಕೈಕೊಟ್ಟಿತು. ಪಾತ್ರೆ ತೊಳೆದ ನೀರನ್ನೇ ದಿನ ಬಿಟ್ಟು ದಿನ ಮೂರಕ್ಕೂ ಒಂದೊಂದು ಬಕೆಟ್ ಸುರಿದೆ. ಸಂಪಿಗೆ ಎಲೆ ಉದುರಿಸಿ ಜೂನ್‌ನಲ್ಲಿ ಚಿಗುರಿತು. ರಾಮಪತ್ರೆಯ ಎಲೆ ಮಾತ್ರ ಉದುರಲೂ ಇಲ್ಲ, ರೆಂಬೆಯಲ್ಲೇ ಹಪ್ಪಳದ ಹಾಗೆ ಗರಿಗರಿಯಾಯಿತು. ಮಳೆ ಬಂದ ಮೇಲೂ ಏಳಲಿಲ್ಲ. ಒಂದೇ ಕಾನು, ಒಂದೇ ನೀರು. ಹೀಗ್ಯಾಕೆ? ಮತ್ತೆ ನೆಡ್ತೀನಿ ಅಂದರೆ ಯಜಮಾನರು ನಗ್ತಾರೆ.

ಎಲೆಹುಚ್ಚ:
ಮೇಡಂ, ನೀರು ಒಂದೇ, ಒಳಗಿನ ಪೈಪು ಬೇರೆ. ಬೇರಿನ ನೀರನ್ನು ಎಲೆಗಳು ಮೇಲಿಂದ ಎಳೆಯುತ್ತವೆ. ಮಣ್ಣು ಒಣಗಿದಷ್ಟೂ ಎಳೆತ ಜೋರು. ಒಂದು ಹಂತ ದಾಟಿದರೆ ಕೊಳವೆಯೊಳಗೆ ಗಾಳಿ ನುಗ್ಗುತ್ತದೆ, ಸಂಪಿನ ಮೋಟಾರು ಏರ್ ಲಾಕ್ ಆದ ಹಾಗೆ. ಆಮೇಲೆ ಎಷ್ಟು ಬಕೆಟ್ ಸುರಿದರೂ ಮೇಲೆ ಹತ್ತುವುದಿಲ್ಲ. ಆ ಹಂತ ಜಾತಿಯಿಂದ ಜಾತಿಗೆ ಬೇರೆ, ಮಳೆಕಾಡಿನೊಳಗೂ. ಸಂಪಿಗೆ ಎಲೆ ಉದುರಿಸಿ ನಲ್ಲಿ ಬಂದ್ ಮಾಡಿಕೊಂಡಿತು, ಜಾಣ ಮರ. ರಾಮಪತ್ರೆ ಬಳಗದವು ಸಿದ್ದಾಪುರದ ಕತ್ತಲೆಕಾನಿನ ಜೌಗಿನಲ್ಲಿ ಮಡಚಿದ ಮಂಡಿಯ ಹಾಗೆ ಬೇರನ್ನು ಮೇಲೆತ್ತಿ ನಿಲ್ಲುವ ಮರಗಳು, ಬಾಯಾರಿಕೆ ಅಂದರೇನೆಂದೇ ಗೊತ್ತಿಲ್ಲ.

2012ರಲ್ಲಿ ಬಂದ ಅಧ್ಯಯನವೊಂದು 81 ಕಡೆಯ 226 ಜಾತಿ ನೋಡಿತ್ತು. ಸುಮಾರು 70% ಜಾತಿಗಳು ಕೊಳವೆಗೆ ಗಾಳಿ ನುಗ್ಗುವ ಆ ಹಂತದ ಹತ್ತಿರವೇ ಬದುಕುತ್ತಿದ್ದವು, ಒಣಕಾಡಿನವೂ ಸೇರಿ. ಬ್ರೆಜಿಲ್‌ನ ಕಾಶಿವಾನಾದಲ್ಲಿ 2002ರಿಂದ 1 ಹೆಕ್ಟೇರ್ ಕಾಡಿನ ನೆಲಕ್ಕೆ ಚಪ್ಪರ ಹಾಕಿ ಅರ್ಧದಷ್ಟು ಮಳೆಯನ್ನು ಆಚೆ ಹರಿಸಿದರು. ಅಲ್ಲಿ ಹೆಚ್ಚು ಸತ್ತದ್ದು ದೊಡ್ಡ ದೊಡ್ಡ ಮರಗಳು. ಅದಕ್ಕೇ, ‘ಬೆಳೆದ ಮೇಲೆ ಚಿಂತೆಯಿಲ್ಲ’ ಅನ್ನಬೇಡಿ.

ದೊಡ್ಡಬಳ್ಳಾಪುರದ ತಾತ:
ಪೈಪು ಗೀಪು ಇರಲಿ ಕಣಪ್ಪ. ನಮ್ಮ ಕಡೆ ತೂಬಗೆರೆ ಹಲಸಿಗೆ ಯಾರು ನೀರು ಹಾಕ್ತಾರೆ? ತಾಯಿಬೇರು ಇಳಿದರೆ ಅದೇ ಹುಡುಕಿಕೊಳ್ಳುತ್ತೆ. ಅಮ್ಮಾ, ಸತ್ತ ಗಿಡ ಕಿತ್ತು ಬೇರು ನೋಡು ಮೊದಲು.

ವಿದ್ಯಾರಣ್ಯಪುರದಾಕೆ:
ತಾತ, ಇವತ್ತು ಬೆಳಗ್ಗೆ ಕಿತ್ತೆ. ಸಲೀಸಾಗಿ ಬಂತು. ಬೇರು ಅರ್ಧ ಅಡಿಯೂ ಇಳಿದಿಲ್ಲ, ನರ್ಸರಿ ಕವರಿನ ಆಕಾರದಲ್ಲೇ ಸಿಂಬೆ ಸುತ್ತಿದೆ. ಆಗ ನೆನಪಾಯಿತು: ಹಲಸಿನ ಗಿಡ ತಂದೇ ಇರಲಿಲ್ಲ ನಾನು, ಅಮ್ಮ ಕೊಟ್ಟ ಹಣ್ಣಿನ ಬೀಜ ಅಲ್ಲೇ ಊರಿದ್ದೆ!

ಎಲೆಹುಚ್ಚ:
ಹಾಗಾದರೆ ಹಲಸಿನ ಬೇರು ನೇರ ಇಳಿದಿರುತ್ತೆ, ರಾಮಪತ್ರೆಯದು ಕವರಿನಲ್ಲೇ ಸುತ್ತಿಕೊಂಡಿತ್ತು. ನಿಮ್ಮ ಪಂದ್ಯವೇ ಸರಿಯಿಲ್ಲ ಮೇಡಂ 😄 ಈ ಸಲ ರಾಮಪತ್ರೆಯನ್ನೂ ಬೀಜ ಊರಿ. ತಾಜಾ ಬೀಜವೇ ಬೇಕು, ಒಣಗಿಸಿಟ್ಟರೆ ಮೊಳೆಯಲ್ಲ. ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯೋ ಕಡೆ, ಹಲಸಿನ ನೆರಳಿಗೆ. ಸೋಪು ಕಮ್ಮಿ ಹಾಕಿ.